ಕೈಜಾರಿದ ಚೆಂಡು ಯಾರದು?

ಮಳೆ ನಿಂತ ಮೇಲೆ ಕೃತಕ ಹುಲ್ಲಿನ ಮೈದಾನದಿಂದ ಏಳುವ ವಾಸನೆ ನಿಮಗೆ ಗೊತ್ತೇ? ಹೊಸ ಚಪ್ಪಲಿ ಅಂಗಡಿಯ ಬಾಗಿಲು ತೆರೆದಂತಿರುತ್ತದೆ. ಇವತ್ತು ನಾವೀಗ ನೆಲೆಸಿರುವ ಪರದೇಶದ ಮಾಂಟ್ ಕಿಯಾರಾದಲ್ಲಿ, ಮಗಳ ಶಾಲೆಯ ಮೈದಾನದ ಅಂಚಿನಲ್ಲಿ ಕುಳಿತಿದ್ದಾಗ ಆ ವಾಸನೆ ಮೂಗಿಗೆ ಬಡಿದು, ನಮ್ಮ ಮನೆ ಮಾತು ಮರೆತಿದ್ದ ದಿನಗಳು ನೆನಪಾದವು.

ಆಟ ಅಮೆರಿಕನ್ ಫುಟ್‌ಬಾಲ್. ಹೆಸರು ಕಾಲಿನದು, ಕೆಲಸವೆಲ್ಲ ಕೈಯದು. ಚೆಂಡು ತಬ್ಬಿಕೊಂಡು ಓಡುವಾಗ ಕೈಜಾರಿದರೆ ಅದು ಫಂಬಲ್. ಮೈಸೂರಿನಲ್ಲಿ ಇದ್ದಷ್ಟು ಕಾಲ ಕ್ರಿಕೆಟ್ಟಲ್ಲದ್ದನ್ನು ಆಟವೆಂದೇ ಒಪ್ಪದ ನಮ್ಮ ಮಾವ, ನಮ್ಮೊಡನೆ ಇಲ್ಲಿಗೆ ಬಂದ ಮೇಲೆ ಮೊಮ್ಮಗಳು ಅನ್ವಿಗಾಗಿ ಇದನ್ನು ಕಲಿತರು. ಸೋಮವಾರ ಸಂಜೆ ಟಿವಿಯಲ್ಲಿ ವೃತ್ತಿಪರರ ಪಂದ್ಯದ ಮರುಪ್ರಸಾರ. ಅವರು ಕನ್ನಡದಲ್ಲಿ ಕೇಳುವುದು, ಅವಳು ಇಂಗ್ಲಿಷಿನಲ್ಲಿ ಹೇಳುವುದು. ಇಬ್ಬರ ನಡುವಿನ ಮಾತೆಲ್ಲ ಆ ಒಂದು ಸಂಜೆಯದು, ಉಳಿದ ದಿನ "ಊಟ ಆಯ್ತಾ?", "ಯಾ, ತಾತಾ" ಅಷ್ಟೇ. (ನನಗೂ ಅವಳಿಗೂ ಅಷ್ಟೂ ಇರಲಿಲ್ಲ, ಅದು ಬೇರೆ ಕಥೆ.)

ಮುಂದೆ ಸಾಗಲು ತಂಡಕ್ಕೆ ನಾಲ್ಕು ಯತ್ನಗಳಿರುತ್ತವೆ. "ನಾಲ್ಕನೇದ್ರಲ್ಲಿ ಕೈಬಿಟ್ರೆ, ಬಿಟ್ಟವನೇ ಎತ್ಕೊಂಡು ಓಡ್ಬೇಕು ಪುಟ್ಟಿ. ಅವನ ಕಡೆಯೋರು ಬೇರೆ ಯಾರೂ ಓಡಂಗಿಲ್ಲ" ಎಂದು ಮಾವ ಪಾಠ ಮಾಡಿದ್ದರು. ಟಿವಿಯವರ ಮಟ್ಟಿಗೆ ಅದು ನಿಜ. ಶಾಲೆಯ ದೊಡ್ಡ ಮಕ್ಕಳ ತಂಡದಲ್ಲಿ ಹಾಗಿಲ್ಲ. ಯಾರು ಬೇಕಾದರೂ ಎತ್ತಿಕೊಂಡು ಓಡಬಹುದು.

ಆ ತಂಡದಲ್ಲಿ ಅನ್ವಿಯ ಮೊದಲ ಪಂದ್ಯ. ನಾಲ್ಕನೆಯ ಯತ್ನದಲ್ಲಿ ಗೆಳತಿ ಮೆಯ್ ಲಿನ್ ಕೈಯಿಂದ ಚೆಂಡು ಜಾರಿ ಅನ್ವಿಯ ಕಾಲಬುಡಕ್ಕೆ ಉರುಳಿತು. ಎದುರಿಗೆ ಬಟಾಬಯಲು. ನಮ್ಮ ಹುಡುಗಿ ಓಡಬೇಕೋ ಬೇಡವೋ? ಚೆಂಡಿಗೆ ಕಾವಲು ನಿಂತು, "ಕಮ್ ಲಾ! ಇಟ್ಸ್ ಯುವರ್ಸ್!" ಎಂದು ಇಲ್ಲಿಯವರ 'ಲಾ' ಹಚ್ಚಿ ಗೆಳತಿಯನ್ನು ಕರೆದಳು. ಬಂದವನು ಎದುರಾಳಿ. ಎತ್ತಿಕೊಂಡ, ಓಡಿದ, ಗೆದ್ದ.

ಕಾರಿನಲ್ಲಿ ಮಾವ ಮೆಲ್ಲಗೆ, "ರೂಲು ಸರಿಯಾಗೇ ಹೇಳಿದ್ನಲ್ಲಮ್ಮ" ಅಂದರು.

"ರಾಂಗ್ ಲೆವೆಲ್, ತಾತಾ."

ಅಲ್ಲಿಗೆ ಸೋಮವಾರಗಳು ನಿಂತವು. ಅನ್ವಿ ಕೋಣೆ ಸೇರುತ್ತಿದ್ದಳು, ಮಾವ ಸದ್ದಡಗಿಸಿದ ಟಿವಿ ನೋಡುತ್ತಿದ್ದರು. ನಾನು ಇಬ್ಬರಿಗೂ ಬೇರೆಬೇರೆಯಾಗಿ ಬುದ್ಧಿ ಹೇಳಿ, ಇಬ್ಬರಿಂದಲೂ ಬೈಸಿಕೊಂಡೆ. ಕೊನೆಗೊಂದು ಸಂಜೆ ಮಾವ ಟಿವಿ ಆರಿಸಿ, ಕೆಳಗಿನ ಮಾಮಕ್ ಹೋಟೆಲಿನಿಂದ ರೋಟಿ ಕಟ್ಟಿಸಿಕೊಂಡು ಬಂದು ಅವಳ ಬಾಗಿಲು ತಟ್ಟಿದರು.

"ನಿಮ್ ಲೆವೆಲ್ಲಿನ ರೂಲು ನನಗೆ ಹೇಳ್ಕೊಡು. ಗೊತ್ತಿಲ್ದೆ ಮಾತಾಡ್ಬಿಟ್ಟೆ."

ಬಾಗಿಲು ತೆರೆಯಿತು. ಸ್ವಲ್ಪ ಹೊತ್ತಿಗೆ ನಡುಮನೆಯಲ್ಲಿ ಚೆಂಡಿನ ಬದಲು ನನ್ನ ಅಡುಗೆಮನೆಯ ನಿಂಬೆಹಣ್ಣು ಉರುಳುತ್ತಿತ್ತು. ಅದರ ಮೇಲೆ ಬೋರಲು ಬಿದ್ದ ಮಾವ, ಅವರ ಮೇಲೆ ಮೊಮ್ಮಗಳು. "ಮೈನ್!" ಎಂದು ಅವಳು, "ಸೊಂಟ!" ಎಂದು ಇವರು.

ಈಗ ಅನ್ವಿಯೇ ಪುಟಾಣಿಗಳಿಗೆ ಆಟ ಹೇಳಿಕೊಡುತ್ತಾಳೆ. ಅವರ ಆಟದಲ್ಲಿ ಚೆಂಡು ಹಿಡಿದವರ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು, ಯಾರನ್ನೂ ಕೆಡವುವಂತಿಲ್ಲ. ಇವತ್ತು ಒಬ್ಬ ಪುಟ್ಟನ ಕೈಯಿಂದ ಚೆಂಡು ಜಾರಿತು. ನನ್ನ ಪಕ್ಕದಲ್ಲಿದ್ದ ಮಾವ ಎದ್ದು ನಿಂತು, "ಎತ್ಕೊಂಡು ಓಡೋ!" ಎಂದು ಕೂಗಿದರು.

ಅಷ್ಟು ಗೆಳೆಯರ ಎದುರಿಗೆ, ಮೈದಾನದ ಆ ತುದಿಯಿಂದ ನನ್ನ ಮಗಳು ಗಂಟಲೆತ್ತಿದಳು: "ತಾತಾ, ಸುಮ್ನೆ ಕೂತ್ಕೊಳ್ಳಿ! ಚಿಕ್ಕೋರ ಆಟದಲ್ಲಿ ಚೆಂಡು ಬಿದ್ರೆ ಅಲ್ಲಿಗೇ ಮುಗೀತು!"

ಮಾವ ಕೂತರು. ಮುಖ ಇಷ್ಟಗಲ.

"ಓಕೆ ಲಾ, ಕೋಚ್" ಅಂದರು.