ಅಕ್ಕ ಎತ್ತಿಟ್ಟ ಸ್ಲೇಟು

ನನ್ನ ಓರಗಿತ್ತಿಯ ಎಡಗೈ ಕಿರುಬೆರಳು ಅರ್ಧಕ್ಕೇ ನಿಂತಿತ್ತು. ಮದುವೆಯಾಗಿ ಬಂದ ವರ್ಷವೇ ಕಬ್ಬು ಕಡಿಯುವಾಗ ಕುಡುಗೋಲು ತಗುಲಿ ತುದಿ ಹೋಯಿತಂತೆ. ಉಳಿದ ಮೋಟು ನುಣ್ಣಗೆ ಹೊಳೆಯುತ್ತಿತ್ತು. ನನ್ನ ಮಗಳು ಕೂಸಾಗಿದ್ದಾಗ ರಚ್ಚೆ ಹಿಡಿದರೆ ಅವಳು ಆ ಮೋಟು ಬೆರಳನ್ನೇ ಬಾಯಿಗಿಡುತ್ತಿದ್ದಳು, ಕೂಸು ಸುಮ್ಮನಾಗುತ್ತಿತ್ತು. ನನ್ನ ಹತ್ತು ಬೆರಳೂ ನೆಟ್ಟಗಿದ್ದವು. ಯಾವುದನ್ನಿಟ್ಟರೂ ತಳ್ಳಿಬಿಡುತ್ತಿತ್ತು.

ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ. ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮೂರು ಬೆಸಗರಹಳ್ಳಿಯಿಂದ ಒಂದೂವರೆ ಮೈಲಿ. ಮದ್ದೂರಿನಲ್ಲಿ ನಾಲ್ಕನೇ ಕ್ಲಾಸು ಓದಿದ್ದ ನಾನು ಆ ಮನೆಗೆ ಸೊಸೆಯಾಗಿ ಬಂದಾಗ ಅಕ್ಕ ಬಂದು ಹನ್ನೆರಡು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಹೆರಿಗೆಯಾದ ಮೇಲೆ ನನಗೆ ಚಳಿಜ್ವರ ಹಿಡಿದು ಮೂರು ತಿಂಗಳು ಚಾಪೆ ಬಿಟ್ಟು ಏಳಲಿಲ್ಲ. ಆ ಮೂರು ತಿಂಗಳು ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರು ಹುಯ್ದವಳು, ಹಸುವಿನ ಹಾಲಿನಲ್ಲಿ ಬಟ್ಟೆ ಅದ್ದಿ ಕುಡಿಸಿದವಳು ಅಕ್ಕ. ನಾನು ಎದ್ದು ಓಡಾಡುವ ಹೊತ್ತಿಗೆ ಕೂಸು ಅವಳದ್ದಾಗಿಹೋಗಿತ್ತು.

“ನಿನ್ ಪುಣ್ಯ ಕಣಮ್ಮ, ಇಂತಾ ಓರಗಿತ್ತಿ ಸಿಕ್ಕವ್ಳೆ,” ಎಂದು ಬಾವಿಯ ಹತ್ತಿರ ಹೆಂಗಸರು ಹೇಳುತ್ತಿದ್ದರು. ನಾನು ಹೂಂ ಎಂದು ಕೊಡವನ್ನು ಬೇಕಂತಲೇ ಜೋರಾಗಿ ಕುಕ್ಕುತ್ತಿದ್ದೆ.

ಅಕ್ಕನ ಮಾತು ಒರಟು, ಗಂಟಲು ದೊಡ್ಡದು. ಎತ್ತಿಗೂ ಗಂಡನಿಗೂ ಒಂದೇ ದನಿಯಲ್ಲಿ ಗದರುತ್ತಿದ್ದಳು. ಆದರೆ ಮಗಳು ಮುಟ್ಟಿದ್ದನ್ನು ಯಾರಾದರೂ ಎಸೆಯಹೋದರೆ ಆ ದನಿ ಇಳಿದುಬಿಡುತ್ತಿತ್ತು. “ಇರ್ಲಿ ಬುಡು,” ಎನ್ನುತ್ತಿದ್ದಳು. ಮುರುಕು ಬಳಪ, ಗೀಚಿದ ಮುತ್ತುಗದೆಲೆ, ಎಲ್ಲಕ್ಕೂ ಅದೇ ಮಾತು.

ಅದು ಯುದ್ಧದ ಕಾಲ. ಸೀಮೆಎಣ್ಣೆಯೇ ಸಿಗದ ದಿನಗಳಲ್ಲಿ ಮಕ್ಕಳಿಗೆ ಕಾಗದ ಎಲ್ಲಿ ಬರಬೇಕು? ಮಗಳು ಇದ್ದಿಲು, ಕೆಮ್ಮಣ್ಣು, ಅವರೆ ಸೊಪ್ಪಿನ ರಸ ತೆಗೆದುಕೊಂಡು ನಡುಮನೆಯ ಗೋಡೆಯ ಮೇಲೆ ಬರೆಯಲು ಶುರುಮಾಡಿದಳು. ಕುಂಬಳಕಾಯಿಗೆ ಕಾಲು ಬಂದಂಥ ಆನೆ. ಬೆನ್ನಿಗೆ ಪೀಪಾಯಿ ಕಟ್ಟಿಕೊಂಡು, ಪೆಟ್ರೋಲಿಲ್ಲದೆ ಇದ್ದಿಲಿನಲ್ಲೇ ಓಡುತ್ತ ಹೊಗೆ ಬಿಡುವ ಮದ್ದೂರಿನ ಬಸ್ಸು. ಅದರ ಪಕ್ಕ ಬಸ್ಸಿಗಿಂತ ಎತ್ತರದ ಒಬ್ಬ ಹೆಂಗಸು. ಆ ಹೆಂಗಸಿನ ಒಂದು ಕೈಯಲ್ಲಿ ಒಂದು ಬೆರಳು ಗಿಡ್ಡ.

ನಾನು ಗೋಡೆಯನ್ನೆಲ್ಲ ಹುಡುಕಿದೆ. ತಡೆಯಲಾರದೆ ಕೇಳಿದೆ: “ನಾನೆಲ್ಲಿ ಮಗ?”

ಮಗಳು ಮೂಲೆಯಲ್ಲಿ ಒಲೆಯ ಪಕ್ಕದ ಒಂದು ಗೀಟನ್ನು ತೋರಿಸಿದಳು. “ಇದು ನೀನು. ಬಗ್ಗಿ ಊದ್ತಾ ಇದ್ದೀಯ.”

ದಸರೆಗೆ ಮುಂಚೆ ಗೋಡೆಗೆ ಸುಣ್ಣ ಬಳಿಯಲು ಭಾವ ಆಳನ್ನು ಕರೆತಂದರು. “ಏನ್ಲೇ ಇದು ಗಲೀಜು! ಬಳ್ದಾಕು,” ಎಂದರು. ಒಳಗೊಳಗೇ ನನಗೆ ಹಿಗ್ಗು. ಅಕ್ಕ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತಳು.

“ಸುತ್ತ ಬಳ್ಕಳಿ. ಇದ್ನೇನಾರ ಮುಟ್ಟುದ್ರೆ ಈ ಮನೇಲಿ ಒಲೆ ಅಚ್ಚಾಕಿಲ್ಲ.”

ಸುತ್ತಲೇ ಬಳಿದರು. ಬಿಳಿ ಗೋಡೆಯ ನಡುವೆ ಆ ಗಿಡ್ಡ ಬೆರಳಿನ ಹೆಂಗಸು ಮೊದಲಿಗಿಂತ ಚೆನ್ನಾಗಿ ಕಾಣತೊಡಗಿದಳು.

ಮಗಳನ್ನು ಬೆಸಗರಹಳ್ಳಿಯ ಶಾಲೆಗೆ ಹಾಕಿದೆವು. ಅಕ್ಷರವೆಂಬುದು ನನ್ನ ಪಾಲು ಎಂದು ನಾನು ಲೆಕ್ಕ ಹಾಕಿದ್ದೆ. ಅಕ್ಕನಿಗೆ ಒಂದಕ್ಷರ ಬರುತ್ತಿರಲಿಲ್ಲವಲ್ಲ. ದಿನವೂ ಪಕ್ಕದಲ್ಲಿ ಕೂರಿಸಿಕೊಂಡು ಕೈಹಿಡಿದು ತಿದ್ದಿಸಿದೆ. ಒಂದು ಸಂಜೆ ಮಗಳು ಸ್ಲೇಟನ್ನು ಎದೆಗವಚಿಕೊಂಡು ಓಡಿಬಂದಳು. ಜಗಲಿಯ ಮೇಲೆ ಕೂತಿದ್ದ ನನ್ನನ್ನು ದಾಟಿ ಕೊಟ್ಟಿಗೆಗೇ ಹೋದಳು. ಸಗಣಿ ಕೈ ತೊಳೆದು ಅಕ್ಕ ಸ್ಲೇಟು ಹಿಡಿದುಕೊಂಡು ನನ್ನ ಹತ್ತಿರ ಬಂದಳು.

“ಕೂಸು ತಾನೇ ಬರ್ದದಂತೆ. ಏನೂಂತ ಏಳಾಕಿಲ್ಲ, ಓದುಸ್ಕೋ ಅಂತದೆ. ಓದಮ್ಮ.”

‘ಅವ್ವ’ ಎಂದು ಬರೆದಿತ್ತು.

ಕೈಹಿಡಿದು ತಿದ್ದಿಸಿದವಳು ನಾನು, ಹೆತ್ತವಳು ನಾನು. “ಅಗಸ ಅಂತ ಬರ್ದವ್ಳೆ ಅಕ್ಕ,” ಎಂದೆ.

ಅಕ್ಕ ಬಾಯಿತುಂಬ ನಕ್ಕಳು. “ಅಗ್ಸ ಆದ್ರೇನು? ನಮ್ ಕೂಸಿನ ಕೈ ಅಕ್ಸರ.”

ಓದಿಸಿಕೊಂಡೆ ಎಂದಷ್ಟೇ ಮಗಳಿಗೆ ಹೇಳಿದಳು, ಕೂಸೂ ನಾಚಿಕೊಂಡು ಮತ್ತೆ ಆ ಮಾತೆತ್ತಲಿಲ್ಲ. ಆ ಸ್ಲೇಟನ್ನು ಅಕ್ಕ ಒರೆಸಲು ಬಿಡಲಿಲ್ಲ. ಮದ್ದೂರಿನಿಂದ ಇನ್ನೊಂದು ತರಿಸಿಕೊಟ್ಟಳು. ಸ್ಲೇಟಿರುವುದೇ ಒರೆಸಲಿಕ್ಕೆ ಎಂದು ಊರೆಲ್ಲ ನಕ್ಕಿತು. ಅವಳು ತನ್ನ ಧಾರೆ ಸೀರೆಯ ತುಂಡಿನಲ್ಲಿ, ಬರಹಕ್ಕೆ ಬಟ್ಟೆ ತಾಗದಂತೆ ಮುತ್ತುಗದೆಲೆ ಕೊಟ್ಟು ಸುತ್ತಿ, ಅಟ್ಟದ ಮೇಲಿಟ್ಟಳು. ಮಧ್ಯಾಹ್ನ ಗಂಡಸರು ಉಂಡು ಗದ್ದೆಗೆ ಹೋದ ಮೇಲೆ ಇಳಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡುತ್ತ ಕೂರುತ್ತಿದ್ದಳು. ನಾಲ್ಕೈದು ತಿಂಗಳು ಹೀಗೇ ನಡೆಯಿತು. ನಾನು ರಾಗಿ ಬೀಸುತ್ತ ಕಣ್ಣಂಚಿನಲ್ಲಿ ಅವಳನ್ನು ನೋಡುತ್ತಿದ್ದೆ.

ಒಮ್ಮೆ ಅಕ್ಕ ಮಗಳನ್ನು ಕರೆದುಕೊಂಡು ಸೋಮನಹಳ್ಳಿಯ ತವರಿಗೆ ಹೊರಟಳು. ನಾನು ಬಸ್ಸಿನವರೆಗೂ ಹೋದೆ. ಹತ್ತುವಾಗ ಮಗಳು ತಿರುಗಿ ನೋಡಲಿಲ್ಲ. ಮನೆಗೆ ಬಂದವಳೇ ಏಣಿ ಇಟ್ಟು ಅಟ್ಟ ಹತ್ತಿದೆ. ಸೆರಗಿನ ತುದಿ ಒದ್ದೆ ಮಾಡಿಕೊಂಡು ಒಂದೇ ಸಲಕ್ಕೆ ಒರೆಸಿಬಿಟ್ಟೆ. ಸ್ಲೇಟು ಕರ್ರಗೆ ಮಿನುಗಿತು, ಆಮೇಲೆ ನಿಧಾನವಾಗಿ ಆರಿತು. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಗಲಿಲ್ಲ. ಇದ್ದ ಹಾಗೇ ಸುತ್ತಿಟ್ಟು ಇಳಿದೆ.

ಅವರು ಬಂದ ಮಾರನೆಯ ಮಧ್ಯಾಹ್ನ ಅಕ್ಕ ಬರಿ ಸ್ಲೇಟು ಹಿಡಿದು ನನ್ನ ಮುಂದೆ ನಿಂತಳು.

“ನೀನೇ ವರ್ಸಿದ್ದಾ?”

“ಹೂಂ.”

“ಯಾಕಮ್ಮ?”

ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಮೆಲ್ಲಗೆ ಕೇಳಿದ್ದಕ್ಕೆ ಬಾಯಿ ತಪ್ಪಿತು. “ಅದು ಅಗಸ ಅಲ್ಲ ಅಕ್ಕ. ಅವ್ವ ಅಂತ ಬರ್ದಿತ್ತು. ಅದು ನಂಗೆ ಸೇರ್ಬೇಕಾದ್ದು, ನಿಂಗ್ಯಾಕೆ ತಂದ್ಕೊಡ್ಬೇಕಾಗಿತ್ತು?”

ಅಕ್ಕ ಅಲ್ಲೇ ನೆಲದ ಮೇಲೆ ಕೂತಳು. “ಅವ್ವ ಅಂತಲಾ?” ಎಂದಳು. “ನಂಗೆ... ಅವ್ವ ಅಂತಲಾ?” ಅವಳ ಮುಖದಲ್ಲಿ ನಗುವೂ ಅಳುವೂ ಒಟ್ಟಿಗೇ ಬಂದವು. ಮುಖ ಒರೆಸಿಕೊಂಡು ಸ್ಲೇಟನ್ನು ನನ್ನ ಕಡೆ ತಳ್ಳಿದಳು. “ಎಂಗೆ ಬರೀತಾರೆ? ಬರ್ದು ತೋರ್ಸು.”

ಬರೆದೆ. ಅವಳು ತಲೆಯಾಡಿಸಿದಳು.

“ಇದು ನಿನ್ ಅಕ್ಸರ. ಕೂಸಿಂದು ಇಂಗಿರ್ನಿಲ್ಲ. ಅದ್ರ ಈ ಕೆಳಗಿಂದು ದೂರ ಓಗಿತ್ತು, ತಾಯಿಂದ ಕರ ತಪ್ಪುಸ್ಕಂಡಂಗೆ.”

ಆಮೇಲೆ ಬಳಪ ತೆಗೆದುಕೊಂಡಳು. ಜನ್ಮದಲ್ಲಿ ಬಳಪ ಹಿಡಿದವಳಲ್ಲ. ಕಳೆ ಕೀಳುವ ಕೊಕ್ಕೆಯಂತೆ ಮುಷ್ಟಿಯಲ್ಲಿ ಹಿಡಿದಳು. ನಾನು ಬರೆದದ್ದನ್ನು ಅಂಗೈಯಲ್ಲಿ ಒರೆಸಿ, ನಿಧಾನವಾಗಿ, ನಾಲಿಗೆ ಕಚ್ಚಿಕೊಂಡು ಬರೆದಳು. ಓರೆಯಾದ ಅಕಾರ, ಉಬ್ಬಿದ ಹೊಟ್ಟೆಯ ವ, ದೂರ ಜಾರಿದ ಒತ್ತು. ನಾನು ಅಳಿಸಿದ್ದು ಗೀಟಿಗೆ ಗೀಟು ಹಾಗೇ ಎದ್ದು ಬಂತು.

“ತಕ, ನೀನೇ ಮಡೀಕೊ,” ಎಂದು ನನ್ನ ಮಡಿಲಿಗಿಟ್ಟಳು. “ನಂಗ್ ಬೇಕಾದ್ರೆ ಬರ್ಕತೀನಿ.”

ಬೈಗುಳ ತಿಂದಿದ್ದರೆ ಮರೆಯುತ್ತಿದ್ದೆ. ಅವಳೊಳಗೆ ಕೂಸಿನದು ಅಷ್ಟೊಂದು ಇದೆ, ನನ್ನ ಮಗಳ ಕೈಯ ಒಂದು ಗೀಟೂ ನನಗೆ ನೆನಪಿಲ್ಲ ಎಂಬುದು ಅಂದಿನಿಂದ ಹೊಸ ಹೊಟ್ಟೆಕಿಚ್ಚಾಯಿತು. ಮಗಳು ಬರೆದದ್ದನ್ನೆಲ್ಲ ನಾನೂ ಎತ್ತಿಡತೊಡಗಿದೆ. ಮೊದಮೊದಲು ಪ್ರೀತಿಯಿಂದಲ್ಲ, ಪೈಪೋಟಿಯಿಂದ.

ಸ್ವಾತಂತ್ರ್ಯ ಬಂದ ವರ್ಷ ಚಳಿಜ್ವರ ಅಕ್ಕನನ್ನು ಹಿಡಿಯಿತು. ಹತ್ತು ದಿನದಲ್ಲಿ ಒಣಗಿಹೋದಳು. ಕಡೆಯ ಬೆಳಿಗ್ಗೆ ನನ್ನನ್ನು ಹತ್ತಿರ ಕರೆದಳು. “ತಲೆ ಬಾಚುವಾಗ ಎಳೀಬ್ಯಾಡ. ಅದ್ಕೆ ನೆತ್ತಿ ನೋಯ್ತದೆ.” ಹೆತ್ತು ಎಂಟು ವರ್ಷವಾಗಿತ್ತು, ನನಗೆ ಅದೂ ಗೊತ್ತಿರಲಿಲ್ಲ. ಸಾಯುವವಳ ಮೇಲೂ ನನಗೆ ಒಂದು ಗಳಿಗೆ ಸಿಟ್ಟು ಬಂತು.

ಅಕ್ಕ ಹೋದ ಮೇಲೆ ಮೂರು ದಿನ ಮಗಳು ಅನ್ನ ಮುಟ್ಟಲಿಲ್ಲ. ನಾಲ್ಕನೆಯ ದಿನ ತಟ್ಟೆ ಹಿಡಿದು ಅವಳೆದುರು ಕೂತೆ. ಬಾಯಿ ಬಿಗಿದುಕೊಂಡಿದ್ದಳು.

“ದೊಡ್ಡವ್ವ ಹೆಂಗೆ ತಿನ್ನಿಸ್ತಿದ್ಲು? ನೀನೇ ಹೇಳ್ಕೊಡು,” ಎಂದೆ. ಅದನ್ನು ಕೇಳಲು ನನಗೆ ಎಂಟು ವರ್ಷ ಬೇಕಾಯಿತು.

ಮಗಳು ನನ್ನ ಕೈಯನ್ನೇ ನೋಡಿದಳು. “ತುತ್ತು ದೊಡ್ಡದಾಯ್ತು,” ಎಂದಳು.

ಮುದ್ದೆ ಮುರಿದು ಚಿಕ್ಕದು ಮಾಡಿದೆ.

“ಇನ್ನೂ ಚಿಕ್ಕದು.”

ಇನ್ನೂ ಚಿಕ್ಕದು ಮಾಡಿ ಸಾರಿನಲ್ಲಿ ಅದ್ದಿದೆ. ಆಗ ಬಾಯಿ ತೆರೆದಳು.