ಅತ್ತಮ್ಮನ ಸಿಂಬೆ

ಹಾಲು ಕರೆಯುವ ಮಿಷನ್ನು ನಮ್ಮ ಮನೆಗೆ ಬಂದದ್ದು ನನ್ನ ಹಟದಿಂದಲ್ಲ, ಅತ್ತಮ್ಮನ ಹಟದಿಂದ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನವರು ಇವತ್ತಿಗೂ ಸೊಸೆಯೇ ತರಿಸಿದಳು ಅಂದುಕೊಂಡಿದ್ದಾರೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ನೀರಿನ ಟ್ಯಾಂಕಿನ ಹತ್ತಿರ ನನ್ನ ಕಿವಿಗೆ ಬೀಳುವ ಹಾಗೆಯೇ ಆಡಿಕೊಂಡವರಿದ್ದರು. ಅತ್ತಮ್ಮನ ಬೆರಳಿನ ಗೆಣ್ಣುಗಳು ಊದಿಕೊಂಡು, ಬೆಳಗಿನ ಹೊತ್ತು ಮುಷ್ಟಿ ಮಡಿಸುವುದೂ ಕಷ್ಟವಾಗಿತ್ತು ಎಂಬುದು ಅವರಿಗೇನು ಗೊತ್ತು. ಗೌನಿಪಲ್ಲಿಯಲ್ಲಿ ನೆಂಟರ ಮನೆಯ ಮಿಷನ್ನು ನೋಡಿ ಬಂದು, ನಮ್ಮ ಮಹಿಳಾ ಸಂಘದಲ್ಲಿ ಬಾಯಿಬಿಟ್ಟು ಕೇಳಿದವರು ಅತ್ತಮ್ಮನೇ.

ಬ್ಯಾಂಕಿನ ಸಾಲದಲ್ಲಿ ಮಿಷನ್ನು ಬಂತು. ಅದು ನಿಜವಾಗಿಯೂ ಕೊಟ್ಟಿಗೆ ಸೇರಿದೆ ಎನ್ನುವುದಕ್ಕೆ ಫೋಟೊ ಬೇಕೆಂದು ಬ್ಯಾಂಕಿನ ಆಫೀಸರು ಬಂದರು. ಒಳ್ಳೆ ಸೀರೆ ಉಟ್ಟು ಬನ್ನಿ ಎಂದು ನಾನು ಎಷ್ಟು ಗೊಣಗಿದರೂ ಅತ್ತಮ್ಮ ಕೇಳಲಿಲ್ಲ. ಸಗಣಿ ಕಲೆಯ ಸೀರೆಯಲ್ಲೇ ನಿಂತು, ಮಿಷನ್ನಿನ ನಾಲ್ಕು ಕೊಳವೆಗಳನ್ನು ಎಳೆಕೂಸನ್ನು ಎತ್ತಿಕೊಂಡ ಹಾಗೆ ಎದೆಗಾನಿಸಿಕೊಂಡು ನಕ್ಕರು. ಆ ಫೋಟೊವನ್ನು ನನ್ನ ಫೋನಿಗೂ ಹಾಕಿಸಿಕೊಂಡೆ.

ನಮ್ಮದು ಒಂದೇ ಸೀಮೆಹಸು. ಅದರ ಕರು ಹುಟ್ಟಿದ ವಾರದಲ್ಲೇ ಸತ್ತಿತ್ತು. ಆಮೇಲೆ ಅದಕ್ಕೆ ಅತ್ತಮ್ಮನೇ ಕರು. ಕೆಚ್ಚಲು ತೊಳೆಯಲು ಕೂತರೆ ಅವರ ಬೆನ್ನು, ಕತ್ತು, ತಲೆಯನ್ನೆಲ್ಲ ನೆಕ್ಕುತ್ತಿತ್ತು. ನಮ್ಮ ಹತ್ತಿರ ಕನ್ನಡದಲ್ಲಿ ಮಾತಾಡುವ ಅತ್ತಮ್ಮ ಹಸುವಿನ ಹತ್ತಿರ ಮಾತ್ರ ತೆಲುಗು. ಅದೇನು ಹಸುವಿಗೆ ಕನ್ನಡ ಬರಲ್ವಾ ಎಂದು ನಾನು ಛೇಡಿಸಿದರೆ, ಅದು ನಮ್ಮಮ್ಮನ ಮನೆ ಕಡೆಯದು ಬಿಡಮ್ಮ ಅನ್ನುತ್ತಿದ್ದರು. ಮಿಷನ್ನು ಬಂದ ಮೇಲೂ ಈ ಮಾತುಕತೆ ನಿಲ್ಲಲಿಲ್ಲ. ಅವರು ತೊಳೆದು, ಮಾತಾಡಿಸಿ, ನೆಕ್ಕಿಸಿಕೊಂಡು, ಹಸು ಕೆಚ್ಚಲಿಗೆ ಹಾಲು ಇಳಿಸಿದ ಮೇಲೆಯೇ ನಾನು ಸ್ವಿಚ್ಚು ಹಾಕಬೇಕಿತ್ತು. ಡೈರಿಯ ಖಾತೆ ಅತ್ತಮ್ಮನ ಹೆಸರಲ್ಲಿತ್ತು, ಹಾಲು ಅಳೆದ ಕೂಡಲೇ ಎಷ್ಟು ಲೀಟರು ಎಂದು ಅವರ ಫೋನಿಗೆ ಮೆಸೇಜು ಬರುತ್ತಿತ್ತು. ಓದಲು ಬಾರದಿದ್ದರೂ ಆ ಸದ್ದಿಗೆ ಅವರ ಮುಖ ಅರಳುತ್ತಿತ್ತು.

ಒಂದು ಸಂಜೆ ಹಾಲು ಹಾಕಲು ಹೋದವರು ಡೈರಿಯ ಕಟ್ಟೆಯ ಮೇಲೆ ಕೂತು, ಎದೆ ಹಿಡ್ಕೊಂಡಂಗಾಗ್ತೈತೆ ಅಂದರಂತೆ. ಶ್ರೀನಿವಾಸಪುರದ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನಾನು ಅಳಲಿಲ್ಲ. ಸಾವಿನ ಮನೆಯಲ್ಲಿ ಸೊಸೆಗೆ ಅಳಲು ಪುರಸೊತ್ತೆಲ್ಲಿ? ಬಂದವರಿಗೆ ಕಾಫಿ, ನೀರು, ಮಲಗಲು ಚಾಪೆ. ಗೋಡೆಗೆ ಹಾಕಲು ಒಂದು ಫೋಟೊ ಬೇಕು ಎಂದಾಗ ಹುಡುಕಿದರೆ ಇದ್ದದ್ದು ಆ ಬ್ಯಾಂಕಿನ ಫೋಟೊ ಒಂದೇ. ಕೋಲಾರದ ಸ್ಟುಡಿಯೋದವನು ಮಿಷನ್ನನ್ನು ಅಳಿಸಿ ಫೋಟೊ ದೊಡ್ಡದು ಮಾಡಿಕೊಟ್ಟ. ತೋಳುಗಳು ಮಾತ್ರ ಏನನ್ನೋ ಎತ್ತಿಕೊಂಡ ಹಾಗೆಯೇ ಉಳಿದವು. ತಿಥಿಯ ದಿನ, ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು ಎಂದು ಹಿರಿಯರು ಅವರ ಸೀರೆಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟು ಕಳಿಸಿದರು. ನಮ್ಮ ಕಡೆ ಇದು ಹಿಂದಿನಿಂದ ನಡೆದು ಬಂದದ್ದು, ಯಾರಿಗೂ ತಪ್ಪೆನಿಸಲಿಲ್ಲ.

ಆ ದಿನಗಳಲ್ಲಿ ಪಕ್ಕದ ಮನೆಯ ಅಜ್ಜಿ ಹಸುವಿನ ಹತ್ತಿರ ಕೂತು ಬಂದಷ್ಟು ಕರೆದುಕೊಡುತ್ತಿದ್ದರು. ಜನ ಕಂಡು ಬೆದರಿದೆ, ಅದಕ್ಕೇ ಕಡಿಮೆ ಎಂದುಕೊಂಡೆವು. ನೆಂಟರೆಲ್ಲ ಹೋದ ಮೇಲೆ ನಾನು ಮಿಷನ್ನು ಹಿಡಿದು ಕೂತೆ. ಹಸು ಹಾಲು ಇಳಿಸದೆ ಮೇಲಕ್ಕೆ ಏರಿಸಿಕೊಂಡು ನಿಂತಿತು. ಮಿಷನ್ನು ಬರೀ ಗಾಳಿಯನ್ನೇ ಎಳೆಯಿತು. ನಾನು ಕೈಯಲ್ಲಿ ಕರೆದರೂ, ಈಗ ಅಜ್ಜಿ ಬಂದು ಕರೆದರೂ ಅಷ್ಟೇ. ಬೆಲ್ಲ ತಿನ್ನಿಸಿದೆ, ಮೈ ತಿಕ್ಕಿದೆ, ಬೈದೆ. ಅದು ಮಾತ್ರ ಬಾಗಿಲ ಕಡೆಗೇ ನೋಡುತ್ತಿತ್ತು. ಯಾರ ದಾರಿ ಕಾಯುತ್ತಿದೆ ಎಂದು ಹೇಳಬೇಕಾಗಿರಲಿಲ್ಲ.

ದಿನ ಕಳೆದಂತೆ ಕೆಚ್ಚಲು ಬಿಗಿಯಿತು. ದನದ ಡಾಕ್ಟರು ಬಂದು ಮುಟ್ಟಿ ನೋಡಿ, ಹೀಗೇ ಬಿಟ್ಟರೆ ಕೆಚ್ಚಲು ಬಾವು ಬರುತ್ತದೆ, ಇಲ್ಲವೇ ಹಾಲು ಬತ್ತಿಹೋಗುತ್ತದೆ ಎಂದರು. ಇಂಜೆಕ್ಷನ್ ಕೊಟ್ಟರೆ ಹಾಲು ಇಳಿಸುತ್ತದೆ, ಆದರೆ ಅದೇ ಅಭ್ಯಾಸವಾಗಿಬಿಡುತ್ತದೆ ಎಂದೂ ಹೇಳಿದರು. ನಾನು ಬೇಡವೆಂದೆ. ಟೊಮೆಟೊ ಟೆಂಪೋ ಓಡಿಸುವ ನನ್ನ ಗಂಡ, ಸಂತೆಗೆ ಹೊಡೆದುಬಿಡೋಣ ಎಂದರು. ಅವರಿಗೂ ಸಂಕಟ, ಹಸುವಿನ ಮುಖ ನೋಡಿ ಹೇಳಲಿಲ್ಲ. ಅತ್ತಮ್ಮ ಹೋಗಿ ತಿಂಗಳಾಗುವಷ್ಟರಲ್ಲೇ ಅವರ ಹಸುವನ್ನೂ ಹೊಡೆದುಕೊಂಡು ಹೋಗುವುದು ಬೇಡ, ಇನ್ನೆರಡು ದಿನ ನೋಡೋಣ ಎಂದೆ.

ಪಕ್ಕದ ಮನೆಯ ಅಜ್ಜಿ ಅವತ್ತು ಬೇಲಿಯಾಚೆಯಿಂದ ಹೇಳಿದರು: "ನಿಮ್ಮತ್ತೆ ಸೀರೆ ಉಟ್ಕೊಂಡು ಕೂತ್ಕಳಮ್ಮ. ಅದಕ್ಕೆ ಕಣ್ಣಿಗಿಂತ ಮೂಗೇ ಜಾಸ್ತಿ."

ಉಡಲು ಸೀರೆ ಎಲ್ಲಿದೆ? ಒಂದು ಚೂರೂ ಬಿಡದೆ ಕೊಟ್ಟಾಗಿತ್ತು. ಶಾಸ್ತ್ರ ಹೇಳಿದವರನ್ನೆಲ್ಲ ಮನಸಾರೆ ಬೈದೆ. ಪೆಟ್ಟಿಗೆ, ಅಟ್ಟ, ಹಾಸಿಗೆ ಸುರುಳಿ ಎಲ್ಲ ಜಾಲಾಡಿದೆ. ಸೋತು ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತಾಗ, ತಲೆಯ ಮೇಲಿನ ಮೊಳೆಯಲ್ಲಿ ಸಿಂಬೆ ನೇತಾಡುತ್ತಿತ್ತು. ಹುಲ್ಲಿನ ಹೊರೆ ಹೊರುವಾಗ ಅತ್ತಮ್ಮ ತಲೆಗೆ ಇಟ್ಟುಕೊಳ್ಳುತ್ತಿದ್ದ ಬಟ್ಟೆಯ ಸುತ್ತು. ಕೊಟ್ಟಿಗೆಯ ಸಾಮಾನು ಎಂದು ಯಾರೂ ಅದನ್ನು ಬಟ್ಟೆಯ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಚ್ಚಿದರೆ ಹಸಿರು ಸೀರೆಯ ಅರ್ಧ ತುಂಡು. ಕೊಬ್ಬರಿ ಎಣ್ಣೆ, ಬೆವರು, ಒಣಹುಲ್ಲು. ಮೂಗಿಗೆ ಹಿಡಿದೆ. ಅತ್ತಮ್ಮ ಅಲ್ಲೇ ಇದ್ದರು.

ಅದನ್ನು ತಲೆಯಿಂದ ಬೆನ್ನಿನವರೆಗೂ ಹೊದ್ದು ಹಸುವಿನ ಪಕ್ಕ ಕೂತೆ. ನಾನು ಆಂಧ್ರದ ಗಡಿಯ ಮುಳಬಾಗಿಲು ಕಡೆಯವಳು, ತೆಲುಗು ನನಗೇನು ಹೊಸದಲ್ಲ. ಅತ್ತಮ್ಮನ ಹಾಗೆಯೇ, ಬಾ ನನ್ನ ತಾಯಿ ಎಂದು ತೆಲುಗಿನಲ್ಲಿ ಕರೆದೆ. ಹಸು ಕತ್ತು ತಿರುಗಿಸಿ ಮೂಸಿತು. ಮೂಸುತ್ತಲೇ ಇತ್ತು. ಆಮೇಲೆ ಆ ಒರಟು ನಾಲಿಗೆಯಿಂದ ನನ್ನ ತಲೆ ನೆಕ್ಕತೊಡಗಿತು. ಕೆಚ್ಚಲು ಸಡಿಲವಾಯಿತು, ಬೆರಳು ತಾಗುವ ಮೊದಲೇ ಹಾಲು ತೊಟ್ಟಿಕ್ಕಿತು. ಬಾಗಿಲಿಗೆ ಬಂದ ಗಂಡ ಹಸಿರು ಸೀರೆಯ ಬೆನ್ನು ನೋಡಿ ಒಳಗೆ ಬರಲಾರದೆ ಅಲ್ಲೇ ಹೊಸ್ತಿಲ ಮೇಲೆ ಕೂತರು. ಹಸುವನ್ನು ಮಾರುವ ಮಾತು ಆಮೇಲೆ ಬರಲಿಲ್ಲ.

ಆ ತುಂಡನ್ನು ನಾನು ಒಗೆಯಲಿಲ್ಲ. ಹಾಲು ಕರೆದಾದ ಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಗಾಳಿಯಾಡದಂತೆ ಗಂಟು ಹಾಕಿ ಇಡುತ್ತಿದ್ದೆ. ಹೊದ್ದು ಹಸುವಿನ ಹತ್ತಿರ ಕೂರುವ ಮೊದಲು ನಾನೂ ಒಮ್ಮೆ ಮೂಸುತ್ತಿದ್ದೆ. ಇದ್ದಷ್ಟರಲ್ಲಿ ನಮ್ಮಿಬ್ಬರಿಗೂ ಪಾಲು. ದಿನ ಹೋದಂತೆ ಎಣ್ಣೆಯ ವಾಸನೆ ತೆಳುವಾಯಿತು, ನನ್ನ ಬೆವರು ಸೇರಿಕೊಂಡಿತು. ಅದು ಪೂರ್ತಿ ಹೋದ ದಿನ ಹಸು ಏನು ಮಾಡುತ್ತದೋ ಎಂದು ನನಗೆ ಹೆದರಿಕೆ.

ಮೊನ್ನೆ ಮಾವಿನ ಕಾಯಿ ಕೀಳುವ ಆಳುಗಳಿಗೆ ತಿಂಡಿ ಮಾಡುವ ಗಡಿಬಿಡಿಯಲ್ಲಿ ಆ ಸೀರೆ ತುಂಡನ್ನು ಮರೆತು ಹಾಗೆಯೇ ಹೋಗಿ ಕೂತೆ. ಕೆಚ್ಚಲು ತೊಳೆದು ಕೊಳವೆ ಹಾಕಿ ಸ್ವಿಚ್ಚು ಒತ್ತಿದ ಮೇಲೆ ನೆನಪಾಯಿತು. ಎದ್ದು ಓಡಬೇಕು ಎನ್ನುವಷ್ಟರಲ್ಲಿ ಹಾಲು ಬಂತು. ಹಸು ಬಾಗಿಲ ಕಡೆ ನೋಡಲಿಲ್ಲ, ನನ್ನನ್ನು ಮೂಸಲೂ ಇಲ್ಲ. ಹಿಂಡಿ ಮೆಲ್ಲುತ್ತಾ ನಿಂತಿತ್ತು. ಗಂಡ ಕ್ಯಾನು ಎತ್ತಿಕೊಂಡು, "ಬಿಡು, ಇನ್ನು ಯೋಚ್ನೆ ಇಲ್ಲ. ಮಿಷನ್ನಿಗೆ ಒಗ್ಗೋಯ್ತು" ಎಂದು ನಗುತ್ತಾ ಡೈರಿಗೆ ಹೋದರು.

ನಾನು ಒಳಗೆ ಹೋಗಿ ಕವರು ಬಿಚ್ಚಿ ಮುಖಕ್ಕೆ ಒತ್ತಿಕೊಂಡೆ. ಹಾಲಿನ ವಾಸನೆ, ನನ್ನ ವಾಸನೆ. ಬೇರೇನೂ ಇರಲಿಲ್ಲ. ಕೊಟ್ಟಿಗೆಗೆ ಹಿಂದಿರುಗಿ ಹಸುವಿನ ಕತ್ತು ತಬ್ಬಿಕೊಂಡು, ನೀನೂ ಮರೆತುಬಿಟ್ಟೆಯಾ ತಾಯಿ ಎಂದು ತೆಲುಗಿನಲ್ಲಿ ಕೇಳಿದೆ. ಸಾವಿನ ದಿನ ಬಾರದ ಅಳು ಆಗ ಬಂತು, ತಡೆದರೂ ನಿಲ್ಲದೆ ಬಂತು. ಒಳಗೆ ಗೂಡಿನಲ್ಲಿಟ್ಟಿದ್ದ ಅತ್ತಮ್ಮನ ಫೋನು ಸದ್ದು ಮಾಡಿತು. ಹೋಗಿ ನೋಡಿದರೆ ಡೈರಿಯ ಮೆಸೇಜು. ಅವರು ಇದ್ದಾಗ ಬರುತ್ತಿದ್ದಷ್ಟೇ ಹಾಲು, ಅವರ ಹೆಸರಿಗೇ.