ಹುಕ್ಕಿಗೂ ಮೂಕಿಗೂ ನಡುವೆ

ಗಾಡಿಯ ಹಿಂದೆ ನಿಂತು ಕೈ ಬೀಸುತ್ತಾ ‘ಬರ್ಲಿ, ಬರ್ಲಿ, ಬರ್ಲಿ’ ಎಂದು ಕೂಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಕೊಡ್ಲಿಪೇಟೆ ಕಡೆ ಯಾರು ರಿವರ್ಸ್ ಹಾಕಿದರೂ ಎಲ್ಲಿಂದಲೋ ಅಂಥವನೊಬ್ಬ ಪ್ರತ್ಯಕ್ಷನಾಗುತ್ತಾನೆ. ಅವನಿಗೆ ಸೈಕಲ್ ಹೊಡೆಯುವುದೂ ಗೊತ್ತಿರುವುದಿಲ್ಲ. ಕನ್ನಡಿಯಲ್ಲಿ ಕಾಣದ ಜಾಗವನ್ನೇ ಹುಡುಕಿ ನಿಲ್ಲುತ್ತಾನೆ. ಗಾಡಿ ಚರಂಡಿಗೆ ಇಳಿಯುವವರೆಗೂ ‘ಬರ್ಲಿ’ ಅನ್ನುತ್ತಾನೆ, ಇಳಿದ ಮೇಲೆ ‘ನಾನು ಆಗ್ಲೇ ಸಾಕು ಅಂದೆ’ ಅನ್ನುತ್ತಾನೆ. ಈ ಜನರಲ್ಲಿ ಮೊದಲನೆಯ ನಂಬರು ನನ್ನ ಅಣ್ಣನದು.

ಅಣ್ಣನೂ ನಾನೂ ಪಾಲಾದಾಗ ಕಾಫಿ ತೋಟ, ಗದ್ದೆ, ಕಣ ಎಲ್ಲ ಹಂಚಿಹೋದವು. ಹಂಚಲಾಗದೆ ಉಳಿದವು ಎರಡೇ. ಒಂದು ಹಳೆಯ ಪಿಕಪ್ ಜೀಪು, ಇನ್ನೊಂದು ಎರಡು ಚಕ್ರದ ಟ್ರೈಲರಿನ ಮೇಲೆ ಕೂರಿಸಿದ ಡೀಸೆಲ್ ಪಂಪ್‌ಸೆಟ್ಟು. ಕಾಫಿ ಮೊಗ್ಗು ಬಲಿತು ನಿಂತ ಹೊತ್ತಿಗೆ ಹೂ ಮಳೆ ಬಂದರೆ ಸರಿ. ಬಾರದಿದ್ದರೆ ಈ ಪಂಪ್‌ಸೆಟ್ಟನ್ನು ಕೆರೆಯ ದಡಕ್ಕೆ ಎಳೆದುಕೊಂಡು ಹೋಗಿ ಸ್ಪ್ರಿಂಕ್ಲರಿನಲ್ಲಿ ನೀರು ಹಾರಿಸಬೇಕು. ಆ ಕೆಲವು ದಿನ ಕೈತಪ್ಪಿದರೆ ಮೊಗ್ಗು ಗಿಡದಲ್ಲೇ ಒಣಗಿ ಮುಂದಿನ ಫಸಲು ಹೋದಂತೆಯೇ. ಅದಕ್ಕೇ ಎರಡು ದಿನ ಅವನ ಸರದಿ, ಎರಡು ದಿನ ನನ್ನ ಸರದಿ ಎಂದು ಗೊತ್ತು ಮಾಡಿಕೊಂಡಿದ್ದೆವು.

ಟ್ರೈಲರ್ ಕಟ್ಟುವುದು ಇಬ್ಬರ ಕೆಲಸ. ಒಬ್ಬ ಜೀಪನ್ನು ಹಿಂದಕ್ಕೆ ತರಬೇಕು. ಇನ್ನೊಬ್ಬ ಟ್ರೈಲರಿನ ಮುಂದೆ ಚಾಚಿಕೊಂಡಿರುವ ಕಬ್ಬಿಣದ ಮೂಕಿಯನ್ನು ಎತ್ತಿ ಹಿಡಿದು, ಅದರ ತುದಿಯ ಬಳೆಯನ್ನು ಜೀಪಿನ ಹಿಂದಿನ ಹುಕ್ಕಿಗೆ ಕೂರಿಸಿ, ಪಿನ್ನು ಇಳಿಬಿಡಬೇಕು. ಮೂಕಿ ಹಿಡಿದವನ ಬೆರಳು ಸ್ಟೇರಿಂಗ್ ಹಿಡಿದವನ ಕಾಲಿನಲ್ಲಿರುತ್ತದೆ. ಬ್ರೇಕಿನ ಮೇಲಿಂದ ಕಾಲು ಒಂದಿಷ್ಟು ಜಾರಿದರೂ ಮುಗಿಯಿತು. ಬಹಳ ವರ್ಷ ನಾನು ಸ್ಟೇರಿಂಗ್ ಹಿಡಿದೆ, ಅಣ್ಣ ಮೂಕಿ ಹಿಡಿದ. ನನ್ನ ಕಾಲನ್ನು ಅವನು ಒಂದು ದಿನವೂ ಅನುಮಾನಿಸಲಿಲ್ಲ.

ಒಂದು ವರ್ಷ, ಕಾಫಿ ಪಿಕಿಂಗ್ ಇನ್ನೂ ಮುಗಿಯದ ದಿನಗಳಲ್ಲಿ, ಅವನು ‘ಬರ್ಲಿ ಬರ್ಲಿ’ ಅನ್ನುತ್ತಲೇ ಇದ್ದ, ನಾನು ಬರುತ್ತಲೇ ಇದ್ದೆ, ಫಟ್ ಎಂದು ಜೀಪಿನ ಹಿಂದಿನ ಲೈಟು ಮೂಕಿಗೆ ಬಡಿದು ಪುಡಿಯಾಯಿತು. ಕಾಫಿ ಹಣ್ಣಿನ ಚೀಲ ಹೊತ್ತು ಬಂದ ಆಳುಗಳೆಲ್ಲ ನಿಂತು ನೋಡುತ್ತಿದ್ದರು.

“ನಿಂಗೆ ಹಸ ಗೂಟಕ್ಕೆ ಕಟ್ಟೋಕೂ ಬರಲ್ಲ, ಜೀಪ್ ಬೇರೆ ಕೇಡು!” ಅಂದ ಅಣ್ಣ.

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ನಾನು ಬಿಡುತ್ತೇನೆಯೆ?

“ನಿನ್ ಬಾಯಿಗಿಂತ ಈ ಜೀಪಿನ ಹಾರನ್ ವಾಸಿ. ಅದು ಒತ್ತಿದ್ರೆ ಮಾತ್ರ ಬಡ್ಕೊಳ್ಳುತ್ತೆ,” ಅಂದೆ.

ಅದಕ್ಕೂ ನಕ್ಕರು. ಅಲ್ಲಿಗೆ ಮಾತು ನಿಂತಿತು. ಒಂದು ಲೈಟಿನ ಗಾಜಿಗಾಗಿ ಇಬ್ಬರು ಬೆಳೆದ ಗಂಡಸರು, ಒಂದೇ ಬೇಲಿಯ ಆಚೆ ಈಚೆ, ವರ್ಷಪೂರ್ತಿ ಮುಖ ತಿರುಗಿಸಿಕೊಂಡು ಓಡಾಡಿದೆವು. ಹೇಳಲೇಬೇಕಾದದ್ದನ್ನು ಅತ್ತಿಗೆಯ ಕೈಲಿ ಹೇಳಿಸುತ್ತಿದ್ದೆವು. “ನಾನೇನು ನಿಮ್ಮಿಬ್ರ ಪೋಸ್ಟಾಫೀಸಾ?” ಎಂದು ಅವರು ಬೈಯುತ್ತಲೇ ಸುದ್ದಿ ಮುಟ್ಟಿಸುತ್ತಿದ್ದರು.

ಮರುವರ್ಷ ಹೂ ಮಳೆ ಕೈಕೊಟ್ಟಿತು. ಪಿಕಿಂಗಿಗೆ ಬಂದವರು ಆಳುಗಳ ಲೈನು ಮನೆಗಳಿಂದ ತಮ್ಮೂರಿಗೆ ಹೊರಟುಹೋಗಿದ್ದರು. ಉಳಿದ ಒಬ್ಬಿಬ್ಬರನ್ನು ಕರೆಯಬಹುದಿತ್ತು. ಆದರೆ ಅಣ್ಣ ಒಬ್ಬನೇ ಕಟ್ಟುತ್ತಾನಂತೆ ಎಂದು ಅತ್ತಿಗೆ ಹೇಳಿದ ಮೇಲೆ ನಾನು ಆಳು ಕರೆಯುವುದುಂಟೆ? “ನಾನು ಹಿಡ್ಕೊಳ್ಲಾ?” ಎಂದು ನನ್ನ ಹೆಂಡತಿ ಬಂದರೆ “ನೀನು ಒಳಗೆ ಹೋಗು” ಅಂದೆ. ಆ ಮೊದಲ ದಿನ ಹದಿಮೂರು ಸಲ ಜೀಪಿನಿಂದ ಇಳಿದು ಹದಿಮೂರು ಸಲ ಹತ್ತಿದೆ. ಹತ್ತಿ ಕೂತರೆ ಹುಕ್ಕು ಕಾಣದು, ಇಳಿದು ನೋಡಿದರೆ ಹುಕ್ಕು ಒಂದು ಗೇಣು ಎಡಕ್ಕೆ. ಮತ್ತೆ ಹತ್ತಿ ಸರಿಮಾಡಿದರೆ ಒಂದು ಗೇಣು ಬಲಕ್ಕೆ. ದಾರಿಯಲ್ಲಿ ಹೋಗುವವನೊಬ್ಬ ನಿಂತು, “ಏನಣ್ಣ, ಒಬ್ರೇ?” ಅಂದ. ಕಣ್ಣು ಕಾಣುವುದಿಲ್ಲವೇನೋ ಮಹಾರಾಯನಿಗೆ!

ಫೋನಿನಲ್ಲಿ ಹುಡುಕಿದೆ. ಯಾವುದೋ ದೇಶದ ಬಿಳಿಯ ಮನುಷ್ಯ, ಮನೆಯಷ್ಟು ದೊಡ್ಡ ಗಾಡಿ, ಹಿಂದೆ ಕ್ಯಾಮೆರಾ, ಮುಂದೆ ಟಿ.ವಿ., ನೆಲ ಕೇರಂ ಬೋರ್ಡಿನ ಹಾಗೆ. ಒಂದು ಕೈಯಲ್ಲಿ ಕಾಫಿ ಕುಡಿಯುತ್ತಾ ಕಟ್ಟಿ ತೋರಿಸಿದ. ಕಾಫಿ ಕುಡಿಯುವುದೊಂದು ಗೊತ್ತು ಅವನಿಗೆ. ನಮ್ಮ ಶೆಡ್ಡಿನ ಮುಂದೆ, ತಗ್ಗಿಗೆ ಇಳಿಯುವ ಆ ಜಲ್ಲಿ ದಾರಿಯಲ್ಲಿ ತಂದು ನಿಲ್ಲಿಸಬೇಕಿತ್ತು ಅವನನ್ನು.

ಕೊನೆಗೆ ನನ್ನ ಉಪಾಯ ನಾನೇ ಮಾಡಿದೆ. ಮೂಕಿಯನ್ನು ಜಾಕಿನ ಮೇಲೆ ಹುಕ್ಕಿಗಿಂತ ಎರಡು ಬೆರಳು ಎತ್ತರಕ್ಕೆ ನಿಲ್ಲಿಸಿದೆ. ಅದರ ತುದಿಗೆ ಒಂದು ಉದ್ದನೆಯ ಸಿಲ್ವರ್ ಓಕ್ ಕಡ್ಡಿ ಕಟ್ಟಿ, ಕಡ್ಡಿಯ ತಲೆಗೆ ಕೆಂಪು ಪ್ಲಾಸ್ಟಿಕ್ ಸುತ್ತಿದೆ. ಹೆಂಡತಿಯ ಡಬ್ಬಿಯಿಂದ ದೊಡ್ಡದೊಂದು ಬಿಂದಿ ಕದ್ದು ಕ್ಯಾಬಿನ್ನಿನ ಹಿಂದಿನ ಗಾಜಿನ ನಟ್ಟನಡುವೆ ಅಂಟಿಸಿದೆ. ಬಿಂದಿಯೂ ಕೆಂಪು ಪ್ಲಾಸ್ಟಿಕ್ಕೂ ಒಂದೇ ಗೆರೆಯಲ್ಲಿ ಬರುವ ಹಾಗೆ ತಿರುಗಿ ನೋಡುತ್ತಾ ಜೀಪನ್ನು ಹಿಂದಕ್ಕೆ ಬಿಟ್ಟರೆ ಮೂರೇ ಸಲಕ್ಕೆ ಹುಕ್ಕು ಮೂಕಿಯ ಕೆಳಗೆ. ಒಂದು ಅಂಗುಲ ಆಚೀಚೆ ಉಳಿದರೆ ಹಾರೆಕೋಲಿನಿಂದ ಮೀಟುವುದು, ಜಾಕು ಇಳಿಸುವುದು, ಪಿನ್ನು ಹಾಕುವುದು. ಜಂಬ ನೋಡಬೇಕಿತ್ತು ನನ್ನದು. ಆದರೆ ಅಣ್ಣನ ಸರದಿ ಮುಗಿದು ಜೀಪು ನನ್ನ ಕೈಗೆ ಬಂದಾಗಲೆಲ್ಲ ಬಿಂದಿ ಮಾಯವಾಗಿರುತ್ತಿತ್ತು. ಕಿತ್ತು ಎಸೆಯುತ್ತಿದ್ದ, ಕೊಬ್ಬು. ನಾನು ಮತ್ತೊಂದು ಅಂಟಿಸುತ್ತಿದ್ದೆ.

ಮೂರನೆಯ ಸರದಿಯಲ್ಲಿ ಒಂದು ಸಂಗತಿ ಗಮನಕ್ಕೆ ಬಂತು. ಹ್ಯಾಂಡ್‌ಬ್ರೇಕ್ ಎಳೆದು ಇಳಿದರೂ ಜೀಪು ಮೆಲ್ಲಗೆ ಹಿಂದಕ್ಕೆ ತೆವಳುತ್ತಿತ್ತು. ನಾನು ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಕೆಲಸ ಮುಗಿಸಿದೆ. ಅತ್ತಿಗೆಯ ಹತ್ತಿರ ಹೋಗಿ, ಡೀಸೆಲ್ ತಳ ಕಂಡಿದೆ ಎಂದು ಹೇಳಿದೆ, ಟ್ರೈಲರಿನ ಎಡಗಡೆ ಚಕ್ರಕ್ಕೆ ಗಾಳಿ ಕಡಿಮೆ ಎಂದೂ ಹೇಳಿದೆ. ಬ್ರೇಕಿನ ವಿಷಯ ಮಾತ್ರ ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿದೆ. ಹೇಳಿದರೆ ‘ಅವನೇ ಎಳೆದೆಳೆದು ಕೆಡಿಸಿದ್ದು’ ಅನ್ನುತ್ತಾನೆ. ಅಷ್ಟು ಬುದ್ಧಿವಂತನಿಗೆ ತಾನಾಗಿಯೇ ಗೊತ್ತಾಗಲಿ ಎಂದುಕೊಂಡೆ.

ಮುಂದಿನ ಅವನ ಸರದಿಯ ದಿನ ನಾನು ಕತ್ತಿ ಹಿಡಿದು ಬೇಲಿಯ ಹತ್ತಿರ ಹೋದೆ. ಮೆಣಸಿನ ಬಳ್ಳಿ ಸವರುವ ನೆಪ. ನಿಜವಾದ ಕೆಲಸ ಅಣ್ಣನ ತಮಾಷೆ ನೋಡುವುದು. ಅರವತ್ತು ದಾಟಿದ ಮನುಷ್ಯ, ಮಂಡಿ ನೋವು ಬೇರೆ. ಜೀಪಿನಿಂದ ಒಂದೊಂದು ಸಲ ಇಳಿಯುವಾಗಲೂ ಬಾಗಿಲು ಹಿಡಿದು ‘ಅಮ್ಮಾ’ ಅನ್ನುತ್ತಿದ್ದ. ಕಡ್ಡಿಯಿಲ್ಲ, ಬಿಂದಿಯಿಲ್ಲ, ಜಾಕೂ ಇಲ್ಲ. ಬರಿಗೈಯಲ್ಲಿ ಮೂಕಿ ಎತ್ತುವ ಹಳೆಯ ಶೋಕಿ. ನಾನು ಅವನಿಗೆ ಕೇಳುವ ಹಾಗೆ ಎಣಿಸತೊಡಗಿದೆ.

“ನಾಲ್ಕು!” ಅಂದೆ. “ಐದು!”

ನನ್ನ ಹೆಂಡತಿ ಜಗಲಿಯಿಂದ, “ನಾಚ್ಕೆ ಆಗಲ್ವಾ ನಿಮ್ಗೆ? ಹೋಗಿ ಒಂದು ಕೈ ಹಿಡೀಬಾರ್ದಾ?” ಅಂದಳು.

“ಕರೀಲಿ, ಹೋಗ್ತೀನಿ,” ಅಂದೆ. “ಆರು!”

ಅಣ್ಣ ಒಂದು ಸಲ ನನ್ನ ಕಡೆ ನೋಡಿದ. ಮತ್ತೆ ಹತ್ತಿ ಕೂತ. ಏಳನೆಯ ಸಲಕ್ಕೆ ಹುಕ್ಕು ಸರಿಯಾಗಿ ಮೂಕಿಯ ಮುಂದೆ ನಿಂತಿತು. ಅವನು ಹ್ಯಾಂಡ್‌ಬ್ರೇಕ್ ಎಳೆದ ಕರಕರ ಸದ್ದು ನನ್ನವರೆಗೂ ಕೇಳಿತು. ಇಳಿದ. ಕಲ್ಲು ಕೊಡದೆ ನೇರವಾಗಿ ನಡುವೆ ಹೋಗಿ ಬಗ್ಗಿ ಮೂಕಿ ಎತ್ತಿದ.

ಜೀಪು ಹಿಂದಕ್ಕೆ ಸರಿಯತೊಡಗಿದ್ದು ನನಗೆ ಕಂಡಿತು. ಅವನು ಬಗ್ಗಿದ್ದ, ಅವನಿಗೆ ಕಾಣಲಿಲ್ಲ. ಆಗಲೇ ಕೂಗಬೇಕಿತ್ತು. ವರ್ಷದಿಂದ ಕರೆಯದ ಹೆಸರು ಬಾಯಿಗೆ ಬರಲು ಒಂದು ಉಸಿರಿನಷ್ಟು ಹೊತ್ತು ಹಿಡಿಯಿತು. ಅವನೇ ಮೊದಲು ಮಾತಾಡಲಿ ಎಂಬ ಆ ಹಾಳು ಹಟ ಆಗಲೂ ನನ್ನ ಗಂಟಲಲ್ಲಿ ಕೂತಿತ್ತು. ಆಮೇಲೆ “ಅಣ್ಣಾ!” ಎಂದು ಕಿರುಚಿದೆ. ಅವನು ತಲೆಯೆತ್ತಿದ, ಕೈ ಎಳೆದುಕೊಳ್ಳಲಿಲ್ಲ.

ಬೇಲಿ ಹೇಗೆ ದಾಟಿದೆನೋ ಗೊತ್ತಿಲ್ಲ. ಜೀಪಿಗೆ ಹಾರಿ, ಫಸ್ಟ್ ಗೇರ್ ಹಾಕಿ ಮುಂದಕ್ಕೆ ತೆಗೆದೆ. ಅಣ್ಣ ನೆಲದ ಮೇಲೆ ಕೂತು ತನ್ನ ಬಲಗೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಟವೆಲ್ ಸುತ್ತಿ, ಅತ್ತಿಗೆಯನ್ನೂ ಹತ್ತಿಸಿಕೊಂಡು ಅದೇ ಜೀಪಿನಲ್ಲಿ ಸೋಮವಾರಪೇಟೆಗೆ ಓಡಿದೆ. ದಾರಿಯುದ್ದಕ್ಕೂ ‘ಏನೂ ಆಗಲ್ಲ ಅಣ್ಣ, ಏನೂ ಆಗಲ್ಲ’ ಎಂದು ಬಡಬಡಿಸುತ್ತಿದ್ದೆ. ಎರಡು ಬೆರಳು ಉಳಿಯಲಿಲ್ಲ.

ಸಂಜೆ ಆಸ್ಪತ್ರೆಯ ಮಂಚದ ಪಕ್ಕ ನಾನು ಕೂತಿದ್ದೆ. ಅತ್ತಿಗೆ ಗಂಜಿ ತರಲು ಹೋಗಿದ್ದರು. ಅಣ್ಣ ಕಣ್ಣು ಬಿಟ್ಟು ಮೊದಲು ಕೇಳಿದ್ದು ತೋಟದ ಬಗ್ಗೆ. ನಾನೇ ನೀರು ಹೊಡೆಯುತ್ತೇನೆ ಎಂದೆ. ಆಮೇಲೆ ಅವನು ಹೇಳಿದ:

“ದಿನಾ ಕಲ್ಲು ಕೊಟ್ಟೇ ನಡುವೆ ಹೋಗ್ತಿದ್ದೆ ಕಣ್ಲಾ. ಆ ಹ್ಯಾಂಡ್‌ಬ್ರೇಕ್ ಹಿಡಿಯಲ್ಲ. ಇವತ್ತು ನೀನು ನಿಂತ್ಕೊಂಡು ಎಣಿಸ್ತಿದ್ದಲ್ಲ, ಕಲ್ಲು ಹುಡುಕ್ತಾ ಹೋದ್ರೆ ಅದಕ್ಕೂ ನಗ್ತೀಯ ಅಂತ ಬಿಟ್ಟೆ.”

ನನಗೆ ಎದ್ದು ಹೊರಗೆ ಹೋಗಬೇಕೆನಿಸಿತು.

“ನಿಂಗೆ ಹೇಳ್ಬೇಕಿತ್ತು, ಬ್ರೇಕಿನ ವಿಷ್ಯ,” ಅಂದ. “ಮಾತಿರ್ಲಿಲ್ಲ ಅಂತ ಸುಮ್ನಾದೆ. ತಪ್ಪು ನಂದೇ. ನೀನು ಸಿಕ್ಕಾಕ್ಕೊಂಡಿದ್ರೆ ನಿನ್ ಹೆಂಡ್ತಿಗೆ ಏನು ಮುಖ ತೋರಿಸ್ತಿದ್ದೆ ನಾನು? ನಿಂಗೆ ಗೊತ್ತಾಗಿತ್ತೇನ್ಲಾ ಅದು?”

“ಇಲ್ಲಣ್ಣ,” ಅಂದೆ.

ಅಣ್ಣ ನಂಬಿದ. ಆ ವರ್ಷ ಅವನ ತೋಟಕ್ಕೆ ನಾನೇ ನೀರು ಹಾರಿಸಿದೆ, ಹೂವು ಚೆನ್ನಾಗಿ ಕಟ್ಟಿತು. ತಮ್ಮ ಅಂದರೆ ಹೀಗಿರಬೇಕು ಎಂದು ಊರಿನವರು ಹೇಳಿದರು. ಬಂದವರ ಮುಂದೆಲ್ಲ ಅವನೂ ಹಾಗೇ ಹೇಳುತ್ತಾನೆ. ಅವನು ಪುಸ್ತಕ ಮುಟ್ಟುವವನಲ್ಲ. ಆ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ.